ಎಡಗಿವಿ

ಸೊಹಾರ್ ಬಂದರಿನ ಏಳನೇ ನಂಬರ್ ಕ್ರೇನಿಗೆ
ನೂರ ನಲವತ್ತೆರಡು ಮೆಟ್ಟಿಲು.
ಎಣಿಸಿದ್ದು ಹತ್ತುವಾಗ ಅಲ್ಲ,
ಇಳಿಯುವಾಗ. ಹಲ್ಲು ಕಚ್ಚಿ, ಬೆಲ್ಟು ಸಡಿಲಿಸಿ,
ಗೊತ್ತಿದ್ದ ಸ್ವಲಾತೆಲ್ಲ ಒಂದೇ ಉಸಿರಿಗೆ ಹೇಳುತ್ತ.
ಲಿಫ್ಟು ಕೆಟ್ಟದ್ದು ನಾನು ಬಂದ ವರ್ಷ.

ಮೇಲೆ ಗಾಜಿನ ನೆಲದ ಕ್ಯಾಬಿನ್.
ಕಾಲಡಿಗೆ ಹಡಗು, ಹಡಗಿನ ಮೇಲೆ ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಯಾರದೋ ಫ್ರಿಜ್ಜು, ಯಾರದೋ ಈರುಳ್ಳಿ.
ಎಲ್ಲದಕ್ಕೂ ಜಾಗ ಉಂಟು ಇಲ್ಲಿ,
ಒಂದು ಕಕ್ಕಸಿಗೆ ಬಿಟ್ಟು.

ಎಡಗಿವಿಯಲ್ಲಿ ರೇಡಿಯೋ:
ಎತ್ತು. ಇಳಿಸು. ನಿಲ್ಲಿಸು.
ನಿಲ್ಲಿಸು ಅಂದೆನಲ್ಲ!
ಕತ್ತೆ ಎಂಬುದನ್ನು ಆ ಕಿವಿ ನಾಲ್ಕು ಭಾಷೆಯಲ್ಲಿ ಕಲಿತಿದೆ.
ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡು ಮೋನಬ್ಬ,
ಎಂದರು ರೂಮಿನವರು.
ಮಾತಿಗೆ ಇನ್ನೊಂದರ ದಾರಿ ಸಿಗಲಿಲ್ಲ,
ಕೆಳಗಿಳಿಯಿತು.
ಹೊಟ್ಟೆಗೆ ಹಾಕ್ಕೊ, ಎಂದ ಮೇಸ್ತ್ರಿ.
ಹಾಕಿಕೊಂಡೆ. ಹನ್ನೊಂದು ವರ್ಷ.

ಸ್ಕ್ಯಾನು, ಕ್ಯಾಮೆರಾ, ರಕ್ತ, ಮಲ, ಎಲ್ಲ ನಾರ್ಮಲ್.
ಕರುಳಿಗೆ ಸಿಟ್ಟು, ಎಂದರು ಸುಡಾನಿನ ಡಾಕ್ಟರು
ತಮಗೂ ಬಾರದ ಹಿಂದಿಯಲ್ಲಿ.
ಯಾರ ಮೇಲೆ? ನಾನು ಕೇಳಲಿಲ್ಲ,
ಅವರು ಬರೆದುಕೊಟ್ಟರು.
ಚೀಟಿಯನ್ನು ಕಂಪನಿಗೆ ತೋರಿಸಲಿಲ್ಲ.
ಹೊಟ್ಟೆ ಕೆಟ್ಟವನ ಕೈಗೆ ನಲವತ್ತು ಟನ್
ಯಾರು ಕೊಡುತ್ತಾರೆ?

ಝುವೈನಾ ಎಂಬ ಹುಡುಗಿ, ನನ್ನ ಮಗಳ ಪ್ರಾಯ,
ಸ್ಪಿರಿಟಿನ ಹತ್ತಿಯಲ್ಲಿ ಕಿವಿ ಒರೆಸಿದಳು.
ಹತ್ತಿ ಕಪ್ಪಾಯಿತು. ನಾಚಿಕೆ.
ಕಿವಿಯ ಗುಳಿಗೆ ಕಡಲೆಕಾಳಿನಷ್ಟು ಲೋಹ ಸಿಕ್ಕಿಸಿ
ಇಲ್ಲೊಂದು ನರ ಇದೆ, ಎಂದಳು,
ನಮ್ಮ ಅರಬಿಯಲ್ಲಿ ಅದಕ್ಕೆ ಹಾಯಿರ್ ಅನ್ನುತ್ತಾರೆ,
ದಿಕ್ಕು ತೋಚದವನು.
ತಲೆಯಿಂದ ಹೊರಟು ಕತ್ತು ಇಳಿದು ಎದೆ ದಾಟಿ
ಹೊಟ್ಟೆಯವರೆಗೂ ಹೋಗುತ್ತಾನಂತೆ,
ಒಂದೇ ಒಂದು ಎಳೆ ಮಾತ್ರ ಕಿವಿಯ ತನಕ ಬಂದು
ಹೊರಗೆ ಇಣುಕುವುದಂತೆ.
ಇವನೂ ಹೊಟ್ಟೆಪಾಡಿಗೆ ಹೊರಟವನೇ, ಅಂದುಕೊಂಡೆ.

ಅಥವಾ ಇವಳು ನನ್ನ ಕಿವಿಗೆ ಹೂವಿಡುತ್ತಿದ್ದಾಳೋ?
ನಮ್ಮ ಬೆಲಿಯುಮ್ಮನ ಒಂದೊಂದು ಕಿವಿಗೂ
ಸಾಲಾಗಿ ಹತ್ತು ಅಲಿಕತ್ತು.
ಹೊಟ್ಟೆನೋವು ಸಾಯುವ ತನಕ ಬಿಡಲಿಲ್ಲ.

ಗುಂಡಿ ತಿರುಗಿಸಿದಳು.
ಮೊದಲು ಏನೂ ಇಲ್ಲ.
ಆಮೇಲೆ ಒಂದು ಇರುವೆ.
ಆಮೇಲೆ ಇರುವೆಗಳ ಮದುವೆ ದಿಬ್ಬಣ.
ಎಲ್ಲರಿಗೂ ಗುಣ ಕಾಣುವುದಿಲ್ಲ, ನೋಡೋಣ, ಎಂದು
ಪರದೆ ಎಳೆದು ಹೋದಳು.
ಅರ್ಧ ಗಂಟೆ
ಎಡಗಿವಿಗೆ ಯಾರೂ ಏನೂ ಹೇಳಲಿಲ್ಲ.
ನಿದ್ದೆ ಬಂತು. ಬಾಯಿ ತೆರೆದು ಮಲಗಿದ್ದೆನಂತೆ.

ಯಂತ್ರ ಈಗ ರೂಮಿಗೇ ಬಂದಿದೆ, ಬಾಡಿಗೆಗೆ.
ಮೂರನೇ ವಾರ. ಮಂಗಳವಾರ ಎರಡು ಸಲ ಓಡಿದೆ.
ಬುಧವಾರ ಒಂದು.
ಗುರುವಾರ ಕ್ಯಾಬಿನಿನಲ್ಲೇ ಕುಳಿತು ಒಂದು ಸೇಬು ತಿಂದೆ,
ಕಡಲು ನೋಡುತ್ತ, ಬೀಜದವರೆಗೂ.
ಇಷ್ಟಕ್ಕೇ ಗುಣ ಅನ್ನಲಾರೆ.

ಎಡಗಿವಿಗೆ ಇರುವೆ, ಬಲಗಿವಿಗೆ ಫೋನು.
ಊಟ ಆಯ್ತಾ? ಆಯ್ತು.
ಇಷ್ಟು ವರ್ಷ ಆಸ್ಯಮ್ಮನಿಗೆ ನನ್ನ ಹೊಟ್ಟೆಯ ಸುದ್ದಿ ಇಷ್ಟೇ.
ನಿನ್ನೆ ಎಲ್ಲ ಹೇಳಿಬಿಟ್ಟೆ.
ಕಿವಿಗೆ ಕರೆಂಟಾ ಎಂದು ನಕ್ಕಳು. ನಗು ನಿಂತಿತು.
ಹಾಗಾದರೆ ಅಣ್ಣನ ಮಗಳ ನಿಕಾಹಿಗೆ
ಬಿರಿಯಾನಿಯ ತಟ್ಟೆ ದೂಡಿ ಎದ್ದು ಹೋದದ್ದು?
ಸಿಟ್ಟಲ್ಲ, ಅಂದೆ. ಇದು.
ಇದಾ?
ಇದು.
ಆರು ವರ್ಷದಿಂದ ನಿಮ್ಮಿಬ್ಬರಿಗೂ ಮಾತಿಲ್ಲ, ಇದಕ್ಕಾ?

ಅಣ್ಣ ಇಲ್ಲೇ ಜಗಲಿಯಲ್ಲಿದ್ದಾನೆ, ಕೊಡ್ತೇನೆ, ನೀವೇ ಹೇಳಿ.
ಬೇಡ, ಅಂದೆ. ಬೇಡ ಮಾರಾಯ್ತಿ.
ಚಪ್ಪಲಿಯ ಸದ್ದು. ಬಾಗಿಲು.
ಯಂತ್ರ ಮುಗಿಯಲು ಇನ್ನೂ ಆರು ನಿಮಿಷ ಇತ್ತು,
ಬಲಗಿವಿಯಲ್ಲಿ
ಭಾವ ಕೆಮ್ಮಿದ.