ಒಂದು ಗೇಣಿನ ತನಕ

ಎಸ್.ಪಿ. ರೋಡಿನ ಮೂರನೇ ಮಹಡಿಯಲ್ಲಿ
ಬಿಲ್ಲಿಲ್ಲದೆ ಕೊಂಡ ಮೆಟಲ್ ಡಿಟೆಕ್ಟರು.
ಆರಡಿ ಆಳಕ್ಕೂ ಕೇಳುತ್ತೆ ಸಾರ್, ಅಂದಿದ್ದ ಅಂಗಡಿ ಹುಡುಗ.
ತಾರಸಿಯ ದೊಡ್ಡ ಕುಂಡದಲ್ಲಿ
ಹಳೆಯ ರೂಪಾಯಿಯೊಂದನ್ನು ಹೂತು ನೋಡಿದೆ.
ಒಂದು ಗೇಣಿನ ತನಕ ಕೂಗಿತು.
ಮೇಲೆ ಇನ್ನೆರಡು ಬೆರಳು ಮಣ್ಣು ಸುರಿದೆ,
ರೂಪಾಯಿ ಎಂದೂ ಇರಲೇ ಇಲ್ಲವೆಂಬಂತೆ ಸುಮ್ಮನಾಯಿತು.

ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕಿವಿ ನನ್ನದು,
ಗೊರಗೊರದೊಳಗಿಂದ ಸ್ಟೇಷನ್ ಹೆಕ್ಕುವುದು ಗೊತ್ತು.
ಆದರೂ ಇದರ ಬಾಯಲ್ಲಿ
ಚಿನ್ನದ ಉಂಗುರವೂ ಗುಳಿಗೆ ಸುತ್ತಿದ ಬೆಳ್ಳಿಕಾಗದವೂ ಒಂದೇ ರಾಗ.
ಕಬ್ಬಿಣ ಬೇಡ ಎಂದು ಗುಂಡಿ ತಿರುಗಿಸಿದರೆ
ಮೊಳೆಗಳ ಜೊತೆ
ಸಣ್ಣ ಮೂಗುಬೊಟ್ಟಿನ ದನಿಯೂ ಅಡಗಿಹೋಗುತ್ತದೆ.

ವಾಕಿಂಗಿನವರು ಹೋದ ಮೇಲೆ, ಹತ್ತು ಗಂಟೆಗೆ,
ಪಾರ್ಕಿನ ಅಕ್ಕಯಮ್ಮ ಗೇಟು ತೆರೆದಿಟ್ಟಳು.
ಕಳೆ ಕೀಳುವಾಗ ಮೂಗುಬೊಟ್ಟು ಬಿತ್ತು ಅಂದಿದ್ದಳು.
ಕೆರೆ ಮುಚ್ಚಿ ಮಾಡಿದ ಬಡಾವಣೆ.
ಅದರ ಮೇಲೆ ಎಲ್ಲಿಯದೋ ಪಾಯ ತೋಡಿದ ಮಣ್ಣು,
ಅದರ ಮೇಲೆ, ಚಾಪೆಯಂತೆ ಸುರುಳಿ ಸುತ್ತಿ
ಲಾರಿಯಲ್ಲಿ ಬಂದ ಹುಲ್ಲು.

ಒಂದೂವರೆ ಗಂಟೆ ಮಂಡಿಯೂರಿದ್ದಕ್ಕೆ
ಹನ್ನೊಂದು ಸೋಡಾ ಮುಚ್ಚಳ,
ಹೂವಿನಂಚಿನ ಹತ್ತು ಪೈಸೆ,
ಯಾವ ಬೀಗದ್ದೋ ಹಿತ್ತಾಳೆ ಕೀಲಿಕೈ,
ಇನ್ನೂ ಹೊಳೆಯುವ ಸೀರೆ ಪಿನ್ನು.
ಅಕ್ಕಯಮ್ಮ ಅದನ್ನು ಒರೆಸಿ ಬಳೆಗೆ ಸಿಕ್ಕಿಸಿಕೊಂಡಳು.
ಆಗ ಕಂಡೆ,
ಮೂಗುಬೊಟ್ಟು ಅವಳ ಮೂಗಿನಲ್ಲೇ ಇತ್ತು.

ಯಾಕಕ್ಕಾ, ಅಂದೆ.
ಕುಡುಗೋಲ ತುದಿಯಿಂದ ನೆಲ ಕೆರೆದಳು.
“ಸುಳ್ಳೇಳ್ದೆ ಕಣಣ್ಣ. ನಮ್ಮವ್ವನ ಒರಳು ಇಲ್ಲೇ ಎಲ್ಲೋ ಐತೆ.
ಗುಡ್ಸಲು ಕೀಳ್ಸಿದ್ ದಿನ ಪಾತ್ರೆ ತಗಂಡ್ವಿ, ಕೋಳಿ ತಗಂಡ್ವಿ,
ನೆಲಕ್ಕೆ ಹೂತಿದ್ ಒರಳ ಯಾರು ಎತ್ತಾರು?”
ಕಲ್ಲಿಗೆ ಕೂಗಲ್ಲಕ್ಕಾ ಇದು.
“ಒನಕೇನೂ ಬಿಟ್ಟೇ ಹೋದ್ವಿ.
ಅದರ ತುದೀಗೆ ಕಬ್ಬಿಣದ ಬಳೆ ಇತ್ತಲ್ಲ?”

ಕಬ್ಬಿಣ ಬೇಡವೆಂದಿದ್ದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ.
ಇಡೀ ಪಾರ್ಕು ಅರಚಿಕೊಂಡಿತು:
ಮೊಳೆ, ಕಂಬಿಯ ಚೂರು, ಸೆಂಟ್ರಿಂಗಿನವರ ತಂತಿ.
ಏನೂ ಇಲ್ಲದ ಕಡೆ
ಕೆಮ್ಮಣ್ಣೇ ತನ್ನೊಳಗಿನ ಅದಿರು ನೆನೆದು ಗೊಣಗಿತು.
ಎಷ್ಟು ಮಣ್ಣು ತುಂಬಿಸಿದರು, ಕೇಳಿದೆ.
ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದಳು.
ನಾನು ಗೇಣು ಅಗಲಿಸಿ ತೋರಿಸಿದೆ,
ಹೆಬ್ಬೆರಳಿಂದ ಕಿರುಬೆರಳಿಗೆ.
ಇಬ್ಬರ ಕೈಯೂ ಸ್ವಲ್ಪ ಹೊತ್ತು ಹಾಗೇ ಇದ್ದವು.

ಆಮೇಲೆ ಅವಳೇ ಹೊರಟಳು.
ನೀರಿನ ಟ್ಯಾಂಕಿಗೆ ಬೆನ್ನು, ಮಸೀದಿಯ ಮಿನಾರು ಎಡಗಣ್ಣಿಗೆ,
ಹೊಂಗೆ ಮರದಿಂದ ಹೆಜ್ಜೆ ಎಣಿಸಿ, ತಪ್ಪಿ, ಮತ್ತೆ ಎಣಿಸಿ,
ಬಿದಿರು ಮೆಳೆಯ ಪಕ್ಕ ಹಿಮ್ಮಡಿ ಒತ್ತಿದಳು.
“ಇಲ್ ಹಿಡಿ.”

ಹಿಡಿದೆ.
ಮೊರದಗಲ ಜಾಗ, ಅಷ್ಟೇ, ಸದ್ದಿಲ್ಲ.
ಬ್ಯಾಟರಿ ನೋಡಿದೆ, ಸರಿಯಿದೆ.
ಪಕ್ಕಕ್ಕೆ ಸರಿಸಿದರೆ ಕೂಗುತ್ತದೆ, ಮತ್ತೆ ತಂದರೆ ಇಲ್ಲ.
ಹೇಳಬೇಕಿತ್ತು ನಾನು:
ಇದಕ್ಕೆ ಅರ್ಥ ಹಚ್ಚಬೇಡಕ್ಕಾ,
ಇಲ್ಲ ಅನ್ನುವುದೂ ಕೇಳಿಸಲಿಲ್ಲ ಅನ್ನುವುದೂ ಈ ಮಿಷಿನ್ನಿಗೆ ಒಂದೇ.
“ಸುಮ್ಕೈತಲ್ಲ,” ಅಂದಳು ಅಷ್ಟರಲ್ಲಿ,
“ಹಂಗಾರೆ ಕಲ್ಲೇಯ.”

ಸೂಪರ್‌ವೈಸರ್ ಬರುವ ಹೊತ್ತು.
ಮುಚ್ಚಳಗಳನ್ನು ಕವರಿಗೆ ತುಂಬಿ
ಹೆಡ್‌ಫೋನು ಕೊರಳಿಗೆ ಹಾಕಿಕೊಂಡೆ.
ಬಾಗಿಲು ಯಾವ ಕಡೆಗಿತ್ತಕ್ಕಾ, ಅಂದೆ.
ಕುಡುಗೋಲಿನಿಂದ ತೋರಿಸಿದಳು, ಹುಲ್ಲಿನ ನಡುವೆ.
ಗೇಟಿಗೆ ಅದು ಸುತ್ತು ದಾರಿ.
ಆ ಕಡೆಯಿಂದಲೇ ಹೊರಬಿದ್ದೆ,
ತಲೆ ಒಂಚೂರು ತಗ್ಗಿಸಿ.