ಎರಡು ತಟ್ಟು

ನಾಲ್ಕೂ ಮುಕ್ಕಾಲಿಗೆ ಬನ್ನಿಮಂಟಪದ ಡಿಪೋದಲ್ಲಿ ಹಾಜರಿ.
ಅದಕ್ಕೂ ಮೊದಲು ಮಂಡಿ ಮೊಹಲ್ಲಾದ ಓಣಿಯಲ್ಲಿ
ನಿದ್ದೆಗಣ್ಣಿನ ಕೂಸನ್ನು ಜೈಬಕ್ಕನ ಹೆಗಲಿಗೆ ದಾಟಿಸುತ್ತೇನೆ.
ಬಾಗಿಲು ಬಡಿದರೆ ಓಣಿ ಏಳುತ್ತದೆ, ಅವಳು ಏಳುವುದಿಲ್ಲ.
ಕಿಟಕಿಯ ಸಂದಿನಲ್ಲಿ ಟಾರ್ಚು ಬಿಟ್ಟರೆ
ಎದ್ದು ಬರುತ್ತಾಳೆ,
ನಿನ್ನೆಯ ಅಗರಬತ್ತಿಯ ಕಪ್ಪು ಇನ್ನೂ ಉಗುರಿನಲ್ಲಿ.

'ಮೂಗಿ ಮನೇಲಿ ಬುಟ್ರೆ ಮಗಾನೂ ಮೂಗಾಯ್ತದೆ ಕಣವ್ವ'
ಮದ್ದೂರಿನಿಂದ ಅತ್ತೆ ಕೆಂಪಾಜಮ್ಮನ ಫೋನು.
ಆವತ್ತು ಸಂಜೆ ಇಂಪನಾಳ ಬೆನ್ನ ಹಿಂದೆ ಕೂತು
ಚಿಲ್ಲರೆ ಕುಲುಕಿದೆ.
ತಿರುಗಿದಳು.
ಮತ್ತೆ ಕುಲುಕಿದೆ, ಮತ್ತೆ ತಿರುಗಿದಳು.
ನಾಚಿಕೆಯಾಗಿ ಕಾಸನ್ನೆಲ್ಲ ಚೀಲಕ್ಕೆ ಸುರಿದೆ.

ಹತ್ತನೆಯ ತಿಂಗಳಲ್ಲಿ ಮುಷ್ಟಿ ಹಿಂಡಿದಳು, ಸಡಿಲಿಸಿದಳು, ಹಿಂಡಿದಳು.
ಗಿಲಕಿ ಕೊಟ್ಟೆ, ಎಸೆದಳು.
ಬಾಳೆಹಣ್ಣು ಕಿವುಚಿ ಕೊಟ್ಟೆ, ಉಗಿದಳು.
ಗೋಡೆಯಾಚೆಯಿಂದ ಬಂದ ಜೈಬಕ್ಕ
ನನ್ನ ಮುಖದ ಮುಂದೆ ತಾನೂ ಮುಷ್ಟಿ ಹಿಂಡಿ ತೋರಿಸಿದಳು,
ಹಸುವಿನ ಕೆಚ್ಚಲಿಗೆ ಕೈ ಹಾಕಿದ ಹಾಗೆ.
ಹಾಲು.
ನನ್ನ ಮಗಳ ಮೊದಲ ಮಾತು
ನನಗೆ ಬಾರದ ಭಾಷೆಯಲ್ಲಿತ್ತು.

ವಾರದ ರಜೆಗೆ ಬಿದಿರುಕಡ್ಡಿಯ ಕಟ್ಟಿನ ಪಕ್ಕ ಕೂತು ಕಲಿತೆ.
ಬೆರಳ ತುದಿಗಳನ್ನು ಒಟ್ಟುಮಾಡಿ ತುದಿಗೆ ತುದಿ ತಾಗಿಸಿದರೆ, ಇನ್ನೂ ಬೇಕು.
ಮೆತ್ತಿದ ಇದ್ದಿಲ ಪುಡಿಯನ್ನು ಕೊಡವಿದ ಹಾಗೆ ಅಂಗೈ ಕೊಡವಿದರೆ, ಮುಗಿಯಿತು.
ಬೆಕ್ಕಿಗೆ ಮೀಸೆ ಸಾಕು.
ಅರ್ಧ ಅವಳು ಓದಿದ ಶಾಲೆಯದು,
ಅರ್ಧ ಅವಳಮ್ಮ ಒಲೆಯ ಮುಂದೆ ಕಟ್ಟಿದ್ದು.
ತಪ್ಪಿದರೆ ನನ್ನ ಬೆರಳನ್ನೇ ಹಿಡಿದು ಮಡಿಸುತ್ತಾಳೆ.
ಊಟಕ್ಕೆಂದು ಕೂಸು ಬಾಯಿಗೆ ಕೈ ಒಯ್ದಾಗೆಲ್ಲ
ಗಲ್ಲದಲ್ಲಿ ಒಂದು ಕಪ್ಪು ಬೊಟ್ಟು.
ಮೂಸಿದರೆ ಗಂಧ, ಜಿಗಟು, ಸ್ವಲ್ಪ ಹೊಗೆ.

ಅವ್ವನಿಗೆ ಏನು, ಎಂದು ನನ್ನೆದೆ ಮುಟ್ಟಿ ಕೇಳಿದೆ.
ಜೈಬಕ್ಕ ಗಾಳಿಯಲ್ಲಿ ಎರಡು ಸಲ ತಟ್ಟಿದಳು.
ಮೆಟ್ಟಿಲ ಮೇಲೆ ನಿಂತು ನಾನು ಬಸ್ಸಿನ ಮೈ ತಟ್ಟುವುದನ್ನು
ಅಶೋಕ ರಸ್ತೆಯಲ್ಲಿ ಎಂದೋ ನೋಡಿದ್ದಳಂತೆ.
ಡ್ರೈವರಿಗೆ ಅದು 'ರೈಟ್, ಹೊರಡು.'
ನನ್ನ ಮಗಳಿಗೆ ಅದು ನಾನು.

ಒಂದು ರಾತ್ರಿ ನಿಲ್ಲದ ಅಳು.
ಹೊಟ್ಟೆಯೆಂದು ಬಜೆ ತೇಯ್ದೆ, ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದೆ.
ಬಿಕ್ಕುತ್ತಲೇ ಎರಡು ತೋರುಬೆರಳನ್ನು
ಒಂದಕ್ಕೊಂದು ಚುಚ್ಚಿದಳು, ಎಡಗಿವಿಯ ಹತ್ತಿರ.
ನೋವು. ಇಲ್ಲಿ.
ಚೆಲುವಾಂಬದಲ್ಲಿ ದೀಪ ಹಿಡಿದು ನೋಡಿದ ಹುಡುಗ ಡಾಕ್ಟರು
'ಕಿವಿಯೊಳಗೆ ಪೂರಾ ಕೆಂಪು. ನಿಮಗೆ ಹೇಗೆ ಗೊತ್ತಾಯಿತು?'
'ಅವಳೇ ಹೇಳಿದಳು' ಎಂದೆ.
ಅವನು ಚೀಟಿಯಲ್ಲಿ ವಯಸ್ಸನ್ನು ಇನ್ನೊಮ್ಮೆ ಓದಿದ.

ಆಮೇಲೆ ಮಾತು ಬಂತು. ಎಲ್ಲರ ಮನೆಯಲ್ಲಿ ಬರುವ ಹಾಗೆ,
ಓಣಿಯ ಉರ್ದು, ಅತ್ತೆಯ ಮದ್ದೂರು,
ನನ್ನ ಬಾಯಿಂದ ಜಾರಿದ ಬಸ್‌ಸ್ಟ್ಯಾಂಡಿನ ಎರಡು ಬೈಗುಳ.
'ಆಲು' ಎಂದ ವಾರವೇ ಮುಷ್ಟಿ ಹಿಂಡುವುದನ್ನು ಬಿಟ್ಟಳು.
ಬೆಕ್ಕು ಮೀಸೆ ಕಳಕೊಂಡಿತು.
ಕೆಂಪಾಜಮ್ಮ ಮನೆದೇವರಿಗೆ ಹರಕೆ ತೀರಿಸಿ ಬಂದರು.
ಜೈಬಕ್ಕ ಮಾತ್ರ ಹೊಸೆಯುತ್ತಿದ್ದ ಕಡ್ಡಿ ಕೈಯಲ್ಲೇ ಹಿಡಿದು
ಅವಳ ತುಟಿಗಳನ್ನು ನೋಡುತ್ತಾ ಕೂತಿರುತ್ತಾಳೆ,
ಊರಿಗೆ ಹೊರಟವರ ಸಾಮಾನು ನೋಡುವ ಹಾಗೆ.

ಮೊನ್ನೆ ಸಂಜೆ, ಅಶೋಕ ರಸ್ತೆಯ ಸ್ಟಾಪು.
ಬಸ್ಸು ತುಂಬಿ ನಾನು ಬಾಗಿಲಲ್ಲಿ.
ಆಚೆ ಬದಿಗೆ ಜೈಬಕ್ಕನ ಸೊಂಟದಲ್ಲಿ ಇಂಪನಾ,
ಬಾಯಿ ದೊಡ್ಡದಾಗಿ ತೆರೆದು ಏನೋ ಕೂಗಿದಳು.
ಹಾರನ್ನು, ಆಟೋ, ಸೋಪಿನ ಪ್ರಚಾರದ ಮೈಕು:
ಕೇಳಲಿಲ್ಲ.
ಜೈಬಕ್ಕನ ಹಾಗೆ ನಾನೂ ಬರೀ ತುಟಿ ನೋಡಿದೆ.
ಇನ್ನೊಮ್ಮೆ ಕೂಗಿದಳು. ಆಮೇಲೆ ಬಾಯಿ ಮುಚ್ಚಿ,
ಏನೋ ನೆನೆದುಕೊಂಡವಳಂತೆ ಕೈಯೆತ್ತಿ
ಗಾಳಿಯನ್ನು ತಟ್ಟಿದಳು.
ಎರಡು ಸಲ.

ಓಗೊಡದೆ ಹೇಗಿರಲಿ?
ಕೈಯಳತೆಯಲ್ಲಿದ್ದದ್ದು ಬಸ್ಸಿನ ಮೈ.
ನಾನೂ ತಟ್ಟಿದೆ, ಎರಡು ಸಲ,
ಬೋರೇಗೌಡರು ಗೇರು ಹಾಕಿದರು.