ಹಳದಿ ಹೆಲ್ಮೆಟ್ಟು

ಪೊದೇರನ ಸೈಕಲ್ಲು ಪೋಂ ಅಂದರ ಸಾಕು,
ಸಾಂಕ್ವಾಳದ ಈ ಓಣ್ಯಾಗ ಮೊದಲು ಓಡಿ ಬರೋವು ನಮ್ಮ ಕೋಳಿ.
ನಿನ್ನಿ ಪಾವಿನ ಚೂರು, ಅಕ್ಕಿ ನುಚ್ಚು,
ಎಸ್ಪೆರಾನ್ಸಾ ಬಾಯಿ ಗ್ವಾಡಿ ಮ್ಯಾಲಿಂದ ಚೆಲ್ಲೋ
ಬಂಗಡೆ ತೆಲಿ, ಸಿಗಡಿ ಸಿಪ್ಪಿ.
ತೂತು ಬಿದ್ದ ಗಾರಿ ಬುಟ್ಟಿಯೇ ಅವಕ್ಕ ತಾಟು.

ಬಾಯಿ ‘ಯೋ ಯೋ’ ಅಂದರ ಆ ಕಡೆ,
ನಾ ‘ಬಾ ಬಾ’ ಅಂದರ ಈ ಕಡೆ.
ಕೊಂಕಣಿ ಕಲತಾವು ಕೋಳಿ,
ಎಂಟು ವರ್ಷಾದರೂ ನನಗ ಬರವಲ್ದು.

ನಾತಾಳಕ್ಕ ಕೆಲಸ ಬಂದಿತ್ತು, ಒಂಬತ್ತು ದಿನ.
ಅಷ್ಟರೊಳಗ ಬೂದಿ ಬಣ್ಣದ ಕುಂಟಿ
ಗೂಡು ಬಿಟ್ಟು, ಹುಲ್ಲು ಹಾಸಿದ ಬುಟ್ಟಿ ಬಿಟ್ಟು,
ಸಿಮೆಂಟಿನ ಚೀಲದ ಮ್ಯಾಲೆ ಅಂಗಾತ ಬಿದ್ದ
ಇವರ ಹಳದಿ ಹೆಲ್ಮೆಟ್ಟಿನಾಗ
ಏಳು ತತ್ತಿ ಇಟ್ಟು ಕಾವಿಗೆ ಕೂತಿತ್ತು.
ಕೈ ಹಾಕಿದರ ಕುಕ್ಕಿತು. ರಕ್ತ ಬಂತು.
“ಇರಲಿ ಬಿಡು,” ಅಂದು
ಇವರು ತೆಲಿಗೆ ಟಾವೆಲ್ ಸುತ್ತಿ ಹೋದರು.

ಸೂಪರ್ವೈಸರನ ದಂಡ ದಿನಕ್ಕ ಐವತ್ತು.
ಇಪ್ಪತ್ತೊಂದು ದಿನದಾಗ ಐತಾರ ಮೂರು ತೆಗಿ,
ಒಂಬೈನೂರು.
ರಾತ್ರಿ ಬಂದು ಬ್ಯಾಟರಿ ಬಿಟ್ಟು ನೋಡೋರು,
ಬೈಯೋರು ಕುಂಟಿಗೆ, ಸಾಲಗಾರನಿಗೆ ಬೈದಂಗ,
ಆದರ ಮೆತ್ತಗ,
ಅದು ಏಳದಂಗ.

ಐದು ಒಡದವು. ಒಂದು ಮುಂಗಸಿ ಪಾಲು.
ಉಳಿದ ನಾಕಕ್ಕ ನಾ ನುಚ್ಚು ಅರದು ಹಾಕತೇನಿ,
ಲೆಕ್ಕ ಹಾಕೋದಿಲ್ಲ.

ಹೆಲ್ಮೆಟ್ಟು ಸೋಪು ಹಚ್ಚಿ ತೊಳದೆ.
ಒಳಗಿನ ಪಟ್ಟಿಗೆ ಒಂದು ಪುಕ್ಕ ಅಂಟೇ ಐತಿ.
ನಾಕನೇ ಮಾಳಿಗಿ ಮ್ಯಾಲೆ ನಿಂತಾಗ
ತುರಸತೈತಿ ಅಂತಾರ.
ತೆಗೀತೇನಿ ಕೊಡ್ರಿ ಅಂದರ
ಕೊಡೋದಿಲ್ಲ.